ಸರ್ವರ್ ಮುಚ್ಚುತ್ತೇನೆ, ಹೆಸರನ್ನು ಯಾರಿಗೂ ಕೊಡುವುದಿಲ್ಲ

ಮೊನ್ನೆ ಸಂಜೆ ಅಂಗಡಿಯ ಶಟರ್ ಎಳೆಯುವ ಹೊತ್ತಿಗೆ ನೀರ್ಚಾಲಿನಿಂದ ಮಾಸ್ಟ್ರ ಫೋನ್ ಬಂತು. "ಎಂತ ಮಾರಾಯ, ಚಾಟ್ ನಿಲ್ಲಿಸ್ತೀಯಂತೆ? ಇನ್ನು ಮಗಳಿಗೆ ನಾನು ಬರೆಯುವುದು ಎಲ್ಲಿಂದ?" ನನಗೆ ಕೂಡಲೇ ಮಾತು ಹೊರಡಲಿಲ್ಲ. "ಮಾಸ್ಟ್ರೇ, ನಾನೇ ಮನೆಗೆ ಬಂದು ಸರಿ ಮಾಡಿ ಕೊಡ್ತೇನೆ" ಎಂದಷ್ಟೇ ಹೇಳಿದೆ.

ಹೌದು, ನಿಲ್ಲಿಸುತ್ತಿದ್ದೇನೆ. 2010ರಿಂದ ನಡೆಸಿಕೊಂಡು ಬಂದ ನಮ್ಮ ಉಚಿತ ಮೆಸೇಜಿಂಗ್ ಸರ್ವರ್ ಬರುವ ತಿಂಗಳ ಕೊನೆಗೆ ಬಂದ್ ಆಗುತ್ತದೆ. ಮೂರು ತಿಂಗಳ ಹಿಂದೆಯೇ ಎಲ್ಲರ ಖಾತೆಗೂ ಸಂದೇಶ ಹಾಕಿದ್ದೆ. ಕೆಲವರು ಈಗ ನೋಡಿದ್ದಾರೆ. ಯಾಕೆ ಮುಚ್ಚುವುದು, ಬೇರೆ ಯಾರಿಗಾದರೂ ಕೊಡಬಹುದಲ್ವಾ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಳೆಯ ಕಥೆ. ವಾಟ್ಸಾಪ್ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲೇ ಜ್ಯಾಬರ್ ಎಂಬ ಚಾಟ್ ವ್ಯವಸ್ಥೆ ಇತ್ತು. ನಮ್ಮ ಸರ್ವರ್ ನಡೆಯುವುದೂ ಅದರಲ್ಲೇ. ಅಮೆರಿಕದ ಜೆರೆಮಿ ಮಿಲ್ಲರ್ ಎಂಬವರು 1998ರಲ್ಲಿ ಶುರು ಮಾಡಿ 1999ರ ಜನವರಿಯಲ್ಲಿ ಜನರ ಮುಂದೆ ಇಟ್ಟರು. ಆಮೇಲೆ ಅದರ ನಿಯಮಗಳಿಗೆ ಎಕ್ಸ್‌ಎಂಪಿಪಿ ಎಂದು ಹೆಸರಾಯಿತು. ಇದು ಯಾವ ಕಂಪನಿಯ ಸೊತ್ತೂ ಅಲ್ಲ. ಇಮೇಲ್ ಇದ್ದ ಹಾಗೆ. ಯಾರು ಬೇಕಾದರೂ ಸ್ವಂತ ಸರ್ವರ್ ಇಡಬಹುದು, ಒಂದು ಸರ್ವರಿನವರು ಇನ್ನೊಂದು ಸರ್ವರಿನವರಿಗೆ ಬರೆಯಬಹುದು. 2006ರಲ್ಲಿ ಗೂಗಲ್ ಟಾಕ್ ಕೂಡ ಹೊರಗಿನ ಸರ್ವರುಗಳಿಗೆ ಬಾಗಿಲು ತೆರೆದಿತ್ತು. 2013ರಲ್ಲಿ ಅದರ ಬದಲಿಗೆ ಹ್ಯಾಂಗೌಟ್ಸ್ ಬಂದಾಗ ಆ ಬಾಗಿಲು ಅದಕ್ಕೆ ಇರಲಿಲ್ಲ. ವಾಟ್ಸಾಪನ್ನೂ ಮೊದಲಿಗೆ ಕಟ್ಟಿದ್ದು ಎಜ್ಯಾಬರ್‌ಡಿ ಎಂಬ ಇದೇ ಬಳಗದ ಮುಕ್ತ ತಂತ್ರಾಂಶದ ಮೇಲೆ. ಆದರೆ ನಮ್ಮ ದೇಶದಲ್ಲಿ ಅದರೊಳಗಿನವರು ಅದರೊಳಗೇ ಮಾತಾಡಬೇಕು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಡಿಟಿಪಿ ಅಂಗಡಿ ಇಟ್ಟವನು. ಮದುವೆ ಕಾಗದ, ತಾಳಮದ್ದಳೆ ಹ್ಯಾಂಡ್‌ಬಿಲ್, ಶಾಲೆಯ ಪ್ರಶ್ನೆಪತ್ರಿಕೆ, ಇದೇ ಕೆಲಸ. ಪ್ರೂಫ್ ನೋಡುವವರಿಗೆ ಬೇಗ ಕೇಳಿ ತಿಳಿದುಕೊಳ್ಳಲು ಒಂದು ದಾರಿ ಬೇಕಿತ್ತು, ಅದಕ್ಕೆಂದು ಸರ್ವರ್ ಹಾಕಿದೆ. ನಿಧಾನಕ್ಕೆ ಟೀಚರುಗಳು ಬಂದರು. ಪೆರ್ಲ, ಕುಂಬಳೆ, ಮುಳ್ಳೇರಿಯದವರು ಬಂದರು. ಗಲ್ಫಿನಲ್ಲಿದ್ದ ನಮ್ಮ ಊರಿನ ಹುಡುಗರೂ ಬಂದರು.

ಅದರಲ್ಲಿ ಹಲವರು ಒಟ್ಟಿಗೆ ಬರೆಯುವ ಒಂದು ರೂಮ್ ಇತ್ತು. ಅದನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ನಮ್ಮ ಕಡೆ ವಿಲ್ಲೇಜ್ ಆಫೀಸಿನ ಫಾರಂ ಹೆಚ್ಚಾಗಿ ಮಲಯಾಳದಲ್ಲೇ ಸಿಗುವುದು. ಕನ್ನಡ ಮಾತ್ರ ಓದಲು ಬರುವವರು ಅದನ್ನು ಹಿಡಿದುಕೊಂಡು ಯಾರನ್ನು ಕೇಳುವುದು? ಆ ರೂಮಿನಲ್ಲಿ ಕೇಳುತ್ತಿದ್ದರು. ಒಮ್ಮೆ ಒಬ್ಬರು ಭೂಕಂದಾಯದ ರಶೀದಿ ನೋಡಿ, "ತಂಡಪ್ಪೇರ್ ಅಂದರೆ ಎಂತದ್ದು? ಯಾರ ಹೆಸರು ಬರೆಯಬೇಕು?" ಎಂದು ಕೇಳಿದರು. ಹೆಸರಲ್ಲ, ಅದು ಖಾತೆ ನಂಬ್ರ ಇದ್ದ ಹಾಗೆ ಎಂದು ನಿವೃತ್ತ ಗುಮಾಸ್ತರೊಬ್ಬರು ಐದೇ ನಿಮಿಷದಲ್ಲಿ ಬರೆದರು. ಯಾವ ರಶೀದಿಯ ಯಾವ ಮೂಲೆಯಲ್ಲಿ ಅದು ಇರುತ್ತದೆ ಎಂದೂ ಹೇಳಿದರು. ಇಂಥದ್ದು ದಿನಾ ನಡೆಯುತ್ತಿತ್ತು.

ಈಗ ಯಾಕೆ ಮುಚ್ಚುವುದು ಎಂಬ ಮಾತಿಗೆ ಬರುತ್ತೇನೆ. ನಮ್ಮ ಗುಡ್ಡಗಳ ಸುರಂಗ ನೋಡಿದ್ದೀರಲ್ವಾ? ಮುರಕಲ್ಲು ಕೊರೆದು ಒಳಗೆ ಹೋದರೆ ನೀರು ತಾನಾಗಿ ಹರಿದು ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಆದರೆ ಆಗಾಗ ಯಾರಾದರೂ ದೀಪ ಹಿಡಿದು, ಬಗ್ಗಿಕೊಂಡು ಒಳಗೆ ಹೋಗಿ ಕುಸಿದ ಮಣ್ಣು ತೆಗೆಯಬೇಕು. ತೆಗೆಯದಿದ್ದರೆ ಒಂದು ಮಳೆಗಾಲಕ್ಕೆ ನೀರಿನ ದಾರಿ ಕಟ್ಟುತ್ತದೆ. ಸರ್ವರ್ ಕೂಡ ಹೀಗೇ. ಬಾಡಿಗೆ ದೊಡ್ಡ ಹೊರೆಯಲ್ಲ. ಹೊಸ ಆವೃತ್ತಿ ಹಾಕಬೇಕು, ಸಂಪರ್ಕವನ್ನು ಭದ್ರವಾಗಿಡುವ, 90 ದಿನಕ್ಕೆ ಮುಗಿಯುವ ಸರ್ಟಿಫಿಕೇಟ್ ತಾನಾಗಿ ನವೀಕರಣ ಆಗುತ್ತಿದೆಯೋ ನೋಡಬೇಕು, ಬ್ಯಾಕಪ್ ಸರಿ ಇದೆಯೋ ನೋಡಬೇಕು. ಅದೂ ಮಾಡುತ್ತಿದ್ದೆ. ಆದರೆ ಒಳಗೆ ಹೋಗುವವನು ನಾನೊಬ್ಬನೇ ಆಗಿಬಿಟ್ಟೆ.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಸ್ಪ್ಯಾಮ್. ಯಾರು ಬೇಕಾದರೂ ಖಾತೆ ತೆರೆಯಲಿ ಎಂದು ನೋಂದಣಿ ಮುಕ್ತವಾಗಿ ಇಟ್ಟಿದ್ದೆ. ಒಂದು ಆಟಿ ತಿಂಗಳ ರಾತ್ರಿ ಯಾರೋ ಯಂತ್ರದಿಂದ ಸಾಲುಸಾಲಾಗಿ ಸುಳ್ಳು ಖಾತೆ ಮಾಡಿ, ಬೇರೆ ಸರ್ವರುಗಳ ಜನರಿಗೆಲ್ಲ ಜಾಹೀರಾತು ಕಳಿಸಿದರು. ಬೆಳಿಗ್ಗೆ ನೋಡಿದರೆ ನಾಲ್ಕೈದು ಸರ್ವರುಗಳು ನಮ್ಮನ್ನು ಪೂರ್ತಿ ತಡೆದಿದ್ದವು. ಅವರದ್ದು ತಪ್ಪಲ್ಲ, ಅವರ ಜನರನ್ನು ಅವರು ಕಾಯಬೇಕು. ಮಾಸ್ಟ್ರ ಮಗಳು ಮಸ್ಕತ್ತಿನಲ್ಲಿ, ಅವಳ ಖಾತೆ ಆ ತಡೆದ ಸರ್ವರುಗಳಲ್ಲಿ ಒಂದರಲ್ಲಿತ್ತು. ಒಬ್ಬೊಬ್ಬರಿಗೂ ಬರೆದು, ಸುಳ್ಳು ಖಾತೆ ಅಳಿಸಿ, ನೋಂದಣಿ ನಿಲ್ಲಿಸಿ, ಸರಿಯಾಗುವಾಗ ಒಂಬತ್ತು ದಿನ. ಆ ಒಂಬತ್ತು ದಿನ ಮಾಸ್ಟ್ರು ಬರೆದದ್ದು ಅವಳಿಗೆ ಹೋಗಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಕಾನೂನೂ ಬಿಗಿಯಾಗಿದೆ. 2022ರ ಏಪ್ರಿಲಿನಲ್ಲಿ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರಕಾರದ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದಂತೆ ಲಾಗ್, ಅಂದರೆ ಸರ್ವರಿನಲ್ಲಿ ನಡೆದದ್ದರ ದಾಖಲೆ, 180 ದಿನ ಇಟ್ಟುಕೊಳ್ಳಬೇಕು, ಭದ್ರತೆಯ ತೊಂದರೆ ಕಂಡ ಅಥವಾ ಯಾರಾದರೂ ತಿಳಿಸಿದ 6 ಗಂಟೆಯೊಳಗೆ ವರದಿ ಮಾಡಬೇಕು. ಆನ್‌ಲೈನ್ ಮೋಸ ಇಷ್ಟು ಜಾಸ್ತಿಯಾಗಿರುವಾಗ ನಿಯಮ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುವ ಒಬ್ಬ ಮನುಷ್ಯನಿಗೆ 6 ಗಂಟೆ ಎಂದರೆ ಎಷ್ಟು ಹೊತ್ತು? ಮಾಡಲಾಗದ ಕೆಲಸವನ್ನು ಮಾಡುತ್ತೇನೆಂದು ಒಪ್ಪಿಕೊಂಡು ಕೂರುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಬೇರೆಯವರಿಗೆ ಕೊಡು ಎಂದಿರಲ್ಲ. ಒಬ್ಬರು ಕೇಳಿದ್ದರು. ಮುಖ ನೋಡಿದವರಲ್ಲ, ಬರೀ ಸಂದೇಶದ ಪರಿಚಯ. ಡೊಮೇನ್ ಹೆಸರು (ಎಲ್ಲರ ವಿಳಾಸದ ಕೊನೆಗೆ ಬರುವ ಸರ್ವರಿನ ಹೆಸರು), ಸರ್ವರ್, ಖಾತೆಗಳು ಎಲ್ಲ ಸೇರಿ ಕೊಡು, ಹಣವನ್ನೂ ಕೊಡುತ್ತೇನೆ ಎಂದರು. ನಾನು ಆಗುವುದಿಲ್ಲ ಎಂದೆ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಸರ್ವರ್ ಮುಚ್ಚುವುದು ತಪ್ಪಲ್ಲ. ಹೇಳದೆ ಮುಚ್ಚುವುದು ತಪ್ಪು, ಜನರನ್ನು ಕೇಳದೆ ಅವರನ್ನು ಇನ್ನೊಬ್ಬರ ಕೈಗೆ ದಾಟಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಯಾಕೆಂದರೆ ಸರ್ವರ್ ನಡೆಸುವವನ ಕೈಯಲ್ಲಿ ತುಂಬಾ ಇರುತ್ತದೆ. ನೀವು ಒಮೆಮೊ ಗೂಢಲಿಪಿ ಹಾಕಿಕೊಂಡಿದ್ದರೆ ಏನು ಬರೆದಿರಿ ಎಂಬುದು ನನಗೆ ಕಾಣುವುದಿಲ್ಲ. ಆದರೆ ಯಾರು ಯಾರಿಗೆ, ಯಾವ ಹೊತ್ತಿಗೆ ಬರೆದರು ಎಂಬುದು ಕಾಣುತ್ತದೆ. ಯಾರ ಪರಿಚಯದವರ ಪಟ್ಟಿಯಲ್ಲಿ ಯಾರಿದ್ದಾರೆ ಎಂಬುದೂ ಕಾಣುತ್ತದೆ. ನೀವು ಖಾತೆ ತೆರೆದದ್ದು ನನ್ನನ್ನು ನಂಬಿ. ಆ ನಂಬಿಕೆಯನ್ನು ಜಾಗದ ಹಾಗೆ ಇನ್ನೊಬ್ಬರಿಗೆ ಬರೆದುಕೊಡಲು ಬರುವುದಿಲ್ಲ.

ಡೊಮೇನ್ ಹೆಸರಿನ ವಿಷಯ ಇನ್ನೂ ಸೂಕ್ಷ್ಮ. ವರ್ಷದ ಹಣ ಕಟ್ಟದೆ ಬಿಟ್ಟರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡವನು ಅದೇ ಹೆಸರಿನಲ್ಲಿ ಹೊಸ ಸರ್ವರ್ ಹಾಕಿ, ಮಾಸ್ಟ್ರ ಹಳೆಯ ವಿಳಾಸವನ್ನೇ ತೆರೆದುಕೊಂಡರೆ? ಮಸ್ಕತ್ತಿನಲ್ಲಿರುವ ಮಗಳ ಪಟ್ಟಿಯಲ್ಲಿ ಅದು ಅಪ್ಪನ ವಿಳಾಸ. "ಅಪ್ಪನಿಗೆ ಆಸ್ಪತ್ರೆ, ಅರ್ಜೆಂಟ್ ಹಣ ಕಳಿಸು" ಎಂದು ಬಂದರೆ ಅವಳು ಯೋಚಿಸುತ್ತಾಳಾ? ಅದಕ್ಕೇ ಮುಂದಿನ ಐದು ವರ್ಷದ ಡೊಮೇನ್ ಹಣ ಈಗಲೇ ಕಟ್ಟಿದ್ದೇನೆ. ಅಲ್ಲಿ ಸರ್ವರ್ ಇರುವುದಿಲ್ಲ, "ಮುಚ್ಚಿದೆ" ಎಂಬ ಒಂದು ಸಾಲು ಮಾತ್ರ ಇರುತ್ತದೆ.

ಕೊನೆಯ ದಿನದವರೆಗೂ ಹಳೆಯ ಸಂದೇಶ ಇಳಿಸಿಕೊಳ್ಳಬಹುದು. ಮರುದಿನ ಡಿಸ್ಕ್ ಅಳಿಸುತ್ತೇನೆ, ಬ್ಯಾಕಪ್ ಕೂಡ. ನನ್ನ ಹತ್ತಿರ ಪ್ರತಿ ಇರುವುದಿಲ್ಲ, ಆಮೇಲೆ ಕೇಳಿದರೂ ಸಿಗುವುದಿಲ್ಲ. ರೂಮಿನ ಫಾರಂ ಪ್ರಶ್ನೆಗಳನ್ನು ಮಾತ್ರ, ಬರೆದವರ ಒಪ್ಪಿಗೆ ಕೇಳಿ, ಹೆಸರು ತೆಗೆದು ಪ್ರಿಂಟ್ ಹಾಕಿಸುತ್ತಿದ್ದೇನೆ. ಬೇಕಾದವರು ಅಂಗಡಿಗೆ ಬಂದು ಸುಮ್ನೆ ತೆಗೆದುಕೊಂಡು ಹೋಗಿ.

ಮಾಸ್ಟ್ರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಹಳೆಯ ಕಂಪ್ಯೂಟರಿನಲ್ಲಿ ಪಿಜಿನ್ ಎಂಬ ಚಾಟ್ ತಂತ್ರಾಂಶ ತೆರೆದು, ಕೆ.ಪಿ. ರಾವ್ ಕೀಲಿಮಣೆಯಲ್ಲಿ ಟೈಪ್ ಮಾಡುತ್ತಾರೆ. ಹಿಂದೊಮ್ಮೆ ರಿಪೇರಿಗೆ ಹೋದಾಗ ತೋರಿಸಿದ್ದರು. ಚಾಟ್ ಅಲ್ಲ ಅದು, ಪೂರ್ತಿ ಕಾಗದ. ಮೇಲೆ ಕ್ಷೇಮ, ಆಮೇಲೆ ಅಡಿಕೆಗೆ ಮದ್ದು ಬಿಟ್ಟದ್ದು, ದನ ಕರು ಹಾಕಿದ್ದು, ಕೊನೆಗೆ ಆಶೀರ್ವಾದ. ಈ ಆದಿತ್ಯವಾರ ನೀರ್ಚಾಲಿಗೆ ಹೋಗಿ ಮಗಳು ಇರುವ ಸರ್ವರಿನಲ್ಲೇ ಅವರಿಗೊಂದು ಖಾತೆ ತೆರೆದು ಕೊಡುತ್ತೇನೆ. ಅವಳಿಗೂ ಫೋನ್ ಮಾಡಿ ಹೊಸ ವಿಳಾಸ ನಾನೇ ಓದಿ ಹೇಳುತ್ತೇನೆ. ಆ ಕಡೆಯವರು ಬೇರೆ ಯಾರಾದರೂ ಇದ್ದರೆ ಶನಿವಾರದ ಒಳಗೆ ತಿಳಿಸಿ, ಅದೇ ದಿನ ನಿಮ್ಮಲ್ಲಿಗೂ ಬರುತ್ತೇನೆ.