ಆನ್ ಇದೆಯಲ್ಲ ಸಾರ್, ಇನ್ನೇನು ಬೇಕು?

ಟಿವಿಯ ಸೆಟ್-ಟಾಪ್ ಬಾಕ್ಸ್ ಸರಿ ಮಾಡೋಕೆ ಬಂದ ಹುಡುಗ ಶೂ ಹಾಕಿಕೊಂಡು ಹೋದ ಮೇಲೂ ನನ್ನ ಮೈ ಉರಿ ಇಳಿದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ‘ಆಡಿಯೋ ಡಿಸ್ಕ್ರಿಪ್ಷನ್’ ಅಂತ ಬರೆದಿದೆ, ಕಣ್ಣು ಕಾಣದವರಿಗೆ ತೆರೆಯ ಮೇಲೆ ನಡೆಯುವುದನ್ನು ಮಾತಿನಲ್ಲಿ ಹೇಳುವ ಸೌಲಭ್ಯ. ಆನ್ ಮಾಡಿದರೆ ಏನೂ ಆಗುವುದಿಲ್ಲ. ಅದಕ್ಕೇ ಕರೆಸಿದ್ದು. ಬಂದವನೇ ರಿಮೋಟ್ ಕಿತ್ತುಕೊಂಡ. ಸ್ಟೀರಿಯೋ ಇದ್ದದ್ದನ್ನು ಲೆಫ್ಟ್ ಮಾಡಿದ, ರೈಟ್ ಮಾಡಿದ, ಡಾಲ್ಬಿ ಮಾಡಿದ. ಡಾಲ್ಬಿಗೆ ನಮ್ಮ ಹಳೇ ಟಿವಿ ಮೂಕವಾಯಿತು. ವಾಪಸ್ ಸ್ಟೀರಿಯೋಗೆ ತಂದು "ಈಗ ಸೌಂಡ್ ಬರ್ತಿದೆ ನೋಡಿ" ಅಂದ. ಸೌಂಡ್ ಯಾವತ್ತು ಬರುತ್ತಿರಲಿಲ್ಲ ಮಾರಾಯ?

ತಾಳ್ಮೆಯಿಂದಲೇ ಹೇಳಿದೆ. ಸ್ಟೀರಿಯೋ ಅಂದರೆ ಎಡಕ್ಕೊಂದು ಸದ್ದು, ಬಲಕ್ಕೊಂದು ಸದ್ದು. ಇದು ಅದಲ್ಲ. ಯಾರು ಬಂದರು, ಏನು ಮಾಡಿದರು ಅಂತ ಮಾತಿನ ನಡುವಿನ ಬಿಡುವಿನಲ್ಲಿ ಹೇಳುವ ಧ್ವನಿ. ಚಾನೆಲ್‌ನವರು ಅದನ್ನು ಬೇರೆ ಟ್ರ್ಯಾಕ್ ಆಗಿ ಕಳಿಸಿದರೆ, ಬಾಕ್ಸ್ ಮೂಲ ಸದ್ದನ್ನು ಸ್ವಲ್ಪ ತಗ್ಗಿಸಿ ಇದನ್ನು ಬೆರೆಸುತ್ತದೆ. ಇಲ್ಲವೇ ಅವರೇ ಬೆರೆಸಿ ಕಳಿಸುತ್ತಾರೆ, ಭಾಷೆ ಬದಲಿಸುವ ಹಾಗೆ ಬದಲಿಸಿಕೊಂಡರಾಯಿತು.

"ಆನ್ ಇದೆಯಲ್ಲ ಸಾರ್, ಇನ್ನೇನು ಬೇಕು? ಯಾರಿಗೆ ಇದು?"

ಅಪ್ಪನ ಕಡೆ ಕೈ ತೋರಿಸಿದೆ. ಸೋಫಾದ ತುದಿಯಲ್ಲಿ, ಬಲಗಿವಿ ಟಿವಿ ಕಡೆ ಮಾಡಿ ಕೂತಿದ್ದರು. ಅವನು ಹೋಗಿ ಅವರ ಮುಖದ ಮುಂದೆ ಕೈ ಆಡಿಸಿದ. ನಿಜವಾಗಲೂ ಆಡಿಸಿದ! ಆಮೇಲೆ ನನ್ನ ಕಡೆ ತಿರುಗಿ "ಕಣ್ಣು ಕಾಣಲ್ಲ ಅಂದ್ರೆ ಟಿವಿ ಯಾಕೆ ಸಾರ್, ರೇಡಿಯೋ ಕೊಡ್ಸಿ" ಅಂದ. ದನಿ ತಗ್ಗಿಸಲೂ ಇಲ್ಲ. ಕಣ್ಣಿನ ಜೊತೆ ಕಿವಿಯೂ ಹೋಗಿದೆ ಅಂದುಕೊಂಡನೋ ಏನೋ. ಅಪ್ಪ ನಕ್ಕರು. "ಹೌದಪ್ಪ, ರೇಡಿಯೋನೇ ವಾಸಿ" ಅಂದರು. ಅವರು ನಕ್ಕಿರದಿದ್ದರೆ ಅವನಿಗೆ ಸರಿಯಾಗಿ ಕೊಡುತ್ತಿದ್ದೆ. ನಕ್ಕುಬಿಟ್ಟರಲ್ಲ, ನನ್ನ ಬಾಯಿ ಕಟ್ಟಿಹೋಯಿತು.

ಹೋಗಲಿ ಬಿಡಿ, ಅವನನ್ನು ಬೈದು ಏನು ಬಂತು. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆದರೂ ಕೈ ಆಡಿಸುವುದಾ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್‌ನಲ್ಲಿ ಆಡಿಯೋ ಡಿಸ್ಕ್ರಿಪ್ಷನ್ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಬ್ರಿಟನ್‌ನಲ್ಲಿ ದೊಡ್ಡ ಚಾನೆಲ್‌ಗಳು ಶೇ. 10ರಷ್ಟು ಕಾರ್ಯಕ್ರಮಕ್ಕಾದರೂ ಇದನ್ನು ಕೊಡಲೇಬೇಕು. ಇಲ್ಲಿ ನಾನು ಹಾಕಿ ನೋಡಿದ ಒಂದು ಕನ್ನಡ ಚಾನೆಲ್‌ನಲ್ಲೂ ಆ ಟ್ರ್ಯಾಕ್ ಸಿಗಲಿಲ್ಲ. ಸುಮ್ನೆ ಒಂದು ಬಟನ್ ಇಟ್ಟಿದ್ದಾರೆ.

ಸದ್ಯಕ್ಕೆ ನಮ್ಮ ಮನೆಯ ಟ್ರ್ಯಾಕ್ ನಾನೇ. ಧಾರಾವಾಹಿಯಲ್ಲಿ ಢಂ ಢಂ ಅಂತ ಸಿಡಿಲು ಬಡಿಯುತ್ತದೆ. "ಏನಾಯ್ತೋ?" ಅನ್ನುತ್ತಾರೆ ಅಪ್ಪ. "ಏನೂ ಆಗಿಲ್ಲಪ್ಪ. ಅತ್ತೆ ಮುಖ ತೋರಿಸಿದರು. ಸೊಸೆ ಮುಖ ತೋರಿಸಿದರು. ಈಗ ಮತ್ತೆ ಅತ್ತೆ." ಅಷ್ಟರಲ್ಲಿ ಡೈಲಾಗ್ ಶುರುವಾಗಿರುತ್ತದೆ. ನಾನು ಬಿಡುವು ನೋಡಿ ಮಾತಾಡುವ ಜಾತಿಯಲ್ಲ. ಬಾಯಿ ಮುಚ್ಚೋ ಅಂತ ಅಮ್ಮನಿಂದ ಬೈಸಿಕೊಳ್ಳುತ್ತೇನೆ. ಸಂಬಳ ಇಲ್ಲ, ಸ್ಟೀರಿಯೋ ಮೊದಲೇ ಇಲ್ಲ.

ಚಾನೆಲ್‌ನಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಉತ್ತರ ಕೊಡಿ. ದಿನಕ್ಕೊಂದು ಧಾರಾವಾಹಿಗಾದರೂ ಮಾಡೋಕೆ ಏನು ಕಷ್ಟ? ಯಾರೂ ಕೊಡಲ್ಲ, ಗೊತ್ತು. ಪ್ಯಾಕ್ ಕ್ಯಾನ್ಸಲ್ ಮಾಡುತ್ತೇನೆ ಅಂತ ಕೂಗಾಡಿದೆ. ರಾತ್ರಿಯ ಧಾರಾವಾಹಿ ತಪ್ಪುತ್ತಲ್ಲೋ ಅಂದರು ಅಪ್ಪ. ರೀಚಾರ್ಜ್ ಮಾಡಿದೆ.

ಈಗಷ್ಟೇ ಮೆಸೇಜ್ ಬಂತು. ನನ್ನ ದೂರು ಬಗೆಹರಿದಿದೆಯಂತೆ. ಐದು ಸ್ಟಾರ್ ಕೊಡಬೇಕಂತೆ.