ಜೀವಶಕ್ತಿ ವಾದ ಒಂದೇ ದಿನಕ್ಕೆ ಸಾಯಲಿಲ್ಲ

ಸಾವಯವ ರಸಾಯನಶಾಸ್ತ್ರದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ, ಪಿಯುಸಿ ಮಕ್ಕಳಿಗೂ ಅರ್ಥವಾಗುತ್ತದೆ. ಆದರೆ 1828ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ವೋಲರ್, ಮೂತ್ರದಲ್ಲಿ ಸಿಗುವ ಯೂರಿಯಾವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಕೂಡಲೇ ‘ಸಾವಯವ ವಸ್ತುಗಳಿಗೆ ಜೀವಶಕ್ತಿ ಬೇಕು’, ಅಂದರೆ ಜೀವಿಗಳಲ್ಲಿರುವ ವಿಶೇಷ ಶಕ್ತಿಯಿಲ್ಲದೆ ಅವನ್ನು ತಯಾರಿಸಲಾಗದು ಅನ್ನುವ ವಾದ ಮುಗಿಯಿತು ಅಂತ ಬರೆದಿದ್ದೀರಿ. ಅಷ್ಟು ಸುಲಭವಾಗಿ ಮುಗಿಯಲಿಲ್ಲ. ವೋಲರ್ ಯೂರಿಯಾ ಮಾಡಿದ್ದು ಸಯನೇಟ್ ಅನ್ನುವ ಲವಣಗಳಿಂದ; ಆಗ ಆ ಲವಣಗಳ ಮೂಲ ಪ್ರಾಣಿಗಳ ರಕ್ತ, ಕೊಂಬು ಇಂಥವೇ ಆಗಿದ್ದವು. ಹಾಗಾಗಿ ಅನುಮಾನಕ್ಕೆ ಜಾಗ ಇತ್ತು. 1845ರಲ್ಲಿ ಇನ್ನೊಬ್ಬ ಜರ್ಮನ್ ರಸಾಯನಶಾಸ್ತ್ರಜ್ಞ ಕೋಲ್ಬೆ ಇಂಗಾಲ ಮತ್ತು ಗಂಧಕದಿಂದ ಶುರುಮಾಡಿ, ಹಲವು ಹಂತ ದಾಟಿ ಅಸಿಟಿಕ್ ಆಮ್ಲ (ವಿನೆಗರ್‌ನಲ್ಲಿರುವ ಹುಳಿ) ಮಾಡಿದ್ದು ಇನ್ನೂ ಗಟ್ಟಿ ಪುರಾವೆ. ಅವನ ಹೆಸರೇ ಲೇಖನದಲ್ಲಿ ಇಲ್ಲ!

ವೋಲರ್ ಪ್ರಯೋಗದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಬೇರೆಯದೇ. ಅವನಿಗೆ ಬೇಕಿದ್ದದ್ದು ಅಮೋನಿಯಂ ಸಯನೇಟ್, ಸಿಕ್ಕಿದ್ದು ಯೂರಿಯಾ. ಎರಡರಲ್ಲೂ ಇರುವ ಪರಮಾಣುಗಳು ಅವೇ: ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಜಲಜನಕ. ಜೋಡಣೆ ಮಾತ್ರ ಬೇರೆ. ಸಾವಯವ ರಸಾಯನಶಾಸ್ತ್ರದ ಅರ್ಧ ಸ್ವಾರಸ್ಯ ಇಲ್ಲೇ ಇದೆ ಅಲ್ವಾ? ಎಥನಾಲ್ (ಮದ್ಯದಲ್ಲಿರುವ ಆಲ್ಕೋಹಾಲ್) ಮತ್ತು ಡೈಮೀಥೈಲ್ ಈಥರ್ ನೋಡಿ. ಅಣುಸೂತ್ರ ಒಂದೇ. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ, ಈಥರ್ ಸೊನ್ನೆಗಿಂತ 24 ಡಿಗ್ರಿ ಕೆಳಗೆ! ಎಥನಾಲ್‌ನಲ್ಲಿ ಆಮ್ಲಜನಕಕ್ಕೆ ನೇರವಾಗಿ ಅಂಟಿಕೊಂಡ ಜಲಜನಕ ಇದೆ. ಅದರಿಂದ ಅಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಈಥರ್‌ಗೆ ಆ ಭಾಗ್ಯ ಇಲ್ಲ.

ಇನ್ನೊಂದು ಸಣ್ಣ ತಕರಾರು. ‘ಇಂಗಾಲ ಇರುವುದೆಲ್ಲ ಸಾವಯವ’ ಅಂದಿದ್ದೀರಿ. ಸುಣ್ಣಕಲ್ಲು, ವಾಷಿಂಗ್ ಸೋಡಾದಲ್ಲೂ ಇಂಗಾಲ ಇದೆ. ಅವನ್ನು ಯಾರೂ ಆ ಗುಂಪಿಗೆ ಸೇರಿಸುವುದಿಲ್ಲ. ಆ ಸಾಲನ್ನು ದಯವಿಟ್ಟು ತಿದ್ದಿ.