ಮಾರ್ಚ್ 31ರೊಳಗೆ ಮರಿ ಹಾರತಕ್ಕದ್ದು

ಮಲೆನಾಡಿನಲ್ಲಿ ವರ್ಷಕ್ಕೆ ಎರಡೇ ಕಾಲ. ಒಂದು ಮಳೆಗಾಲ, ಇನ್ನೊಂದು ಕಾಮಗಾರಿಗಾಲ. ಜೂನ್‌ನಿಂದ ದೀಪಾವಳಿಯವರೆಗೆ ರಸ್ತೆ ಕೊಚ್ಚಿಹೋಗುತ್ತದೆ. ದೀಪಾವಳಿಯಿಂದ ಮಾರ್ಚ್ 31ರವರೆಗೆ ಅದೇ ರಸ್ತೆಗೆ ಬಿಲ್ ಆಗುತ್ತದೆ. ಈ ಏರ್ಪಾಟು ಎಲ್ಲರಿಗೂ ಒಗ್ಗಿಹೋಗಿದೆ, ಒಂದು ಹಕ್ಕಿಗೆ ಬಿಟ್ಟು.

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವಾಗ ನಮ್ಮೂರಿನ ತಿರುವಿನಲ್ಲಿ ಒಂದು ಹೆಬ್ಬಲಸಿನ ಮರವಿದೆ. ಅದರ ಕವಲಿನಲ್ಲಿ ಹಾವು ಹಿಡಿದು ತಿನ್ನುವ ಜುಟ್ಟಿನ ಹದ್ದಿನ ಜೋಡಿಯೊಂದರ ಗೂಡು. ಪಕ್ಷಿ ಬಲ್ಲವರು ಅದನ್ನು ಪನ್ನಗಾರಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ‘ಕೋಳಿಮರಿ ಜೋಪಾನ’ ಎನ್ನುತ್ತಾರೆ. ಚಳಿ ಇಳಿಯುವ ಹೊತ್ತಿಗೆ ಅದು ಕಾವಿಗೆ ಕೂರುತ್ತದೆ. ಸಾಮಾನ್ಯವಾಗಿ ಒಂದೇ ಮೊಟ್ಟೆ. ಕಾವು ಹೆಚ್ಚುಕಡಿಮೆ 41 ದಿನ, ಆಮೇಲೆ ಮರಿಯ ರೆಕ್ಕೆ ಬಲಿಯಲು ಇನ್ನೆರಡು ತಿಂಗಳು. ಜನವರಿ ಕೊನೆಗೆ ಇಟ್ಟ ಮೊಟ್ಟೆ ಮಾರ್ಚ್ ಮೊದಲಿಗೆ ಒಡೆದರೆ, ಮರಿ ಹಾರುವಾಗ ಮೇ. ಅಂದರೆ ಲೆಕ್ಕ ಮುಚ್ಚುವ ದಿನ ಮರಿಯ ಮೈಮೇಲೆ ಇನ್ನೂ ಬರೀ ತುಪ್ಪಳ. ತಡವಾದರೆ ಅನುದಾನ ವಾಪಸು ಹೋಗುತ್ತದೆ ಎಂಬ ಕನಿಷ್ಠ ತಿಳಿವಳಿಕೆಯೂ ಇಲ್ಲದ ಹಕ್ಕಿ.

ಹಾಗೆಂದು ಹದ್ದಿಗೆ ರಕ್ಷಣೆಯಿಲ್ಲ ಎಂದು ಯಾರೂ ಹೇಳಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥವನ್ನು ಓದಿದರೆ ಮೈ ನವಿರೇಳುತ್ತದೆ. ಗುಂಡು ಹೊಡೆದರೆ ಮಾತ್ರ ಬೇಟೆಯಲ್ಲ. ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಟ್ಟರೂ ಬೇಟೆಯೇ. ಈ ಲೆಕ್ಕದಲ್ಲಿ ಮಲೆನಾಡಿನ ಅತಿ ದೊಡ್ಡ ಕೋವಿ ಹಳದಿ ಬಣ್ಣದ್ದು, ನಾಲ್ಕು ಚಕ್ರದ ಮೇಲೆ ಓಡಾಡುತ್ತದೆ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಚುನಾವಣೆ ಬಂದಾಗಲೆಲ್ಲ ಪಕ್ಕದ ತೋಟದ ಅಜ್ಜಯ್ಯ ತಮ್ಮ ತಂದೆಯ ಕಾಲದ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾರೆ. ಮಂಗಗಳು ಬಂದರೆ ಆ ರಸೀದಿಯನ್ನು ತೋರಿಸಿಯೇ ಓಡಿಸಬೇಕು. ಜೆಸಿಬಿಯನ್ನು ಠಾಣೆಗೆ ಒಪ್ಪಿಸಿದ್ದನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ.

ತಿರುವನ್ನು ಅಗಲ ಮಾಡುವ ಮುನ್ನ ಸಮೀಕ್ಷೆಯೂ ನಡೆಯಿತು. ಜುಲೈ ತಿಂಗಳಿನಲ್ಲಿ. ಕೊಡೆ ಹಿಡಿದ ಇಬ್ಬರು ಉಂಬಳಗಳಿಗೆ ರಕ್ತದಾನ ಮಾಡುತ್ತಾ ಮರದ ಬುಡದಲ್ಲಿ ಹತ್ತು ನಿಮಿಷ ನಿಂತರು. ತಲೆಯೆತ್ತಿದರೆ ಕಣ್ಣಿಗೆ ನೀರು. ‘ಸದರಿ ಗೂಡಿನಲ್ಲಿ ಯಾವುದೇ ಪಕ್ಷಿ ವಾಸವಿರುವುದು ಕಂಡುಬಂದಿರುವುದಿಲ್ಲ’ ಎಂದು ವರದಿಯಾಯಿತು. ಸುಳ್ಳೇನಲ್ಲ. ಬೇಸಿಗೆ ರಜೆಯಲ್ಲಿ ಶಾಲೆಗೆ ಹೋಗಿ ಮಕ್ಕಳಿಲ್ಲವೆಂದು ಬರೆದುಕೊಂಡು, ತರಗತಿ ನಡೆಯುವಾಗ ಕಟ್ಟಡ ಕೆಡವಲು ಬಂದಂತೆ, ಅಷ್ಟೆ.

ಜನವರಿಯಲ್ಲಿ ಊರಿನ ಹುಡುಗರು ಗೂಡಿನ ಫೋಟೋ ಹಿಡಿದು ಹೋದ ಮೇಲೆ ಸಭೆ ಸೇರಿತು. ಕಾಫಿ, ಕೋಡುಬಳೆ ಬಂದವು. ಗೂಡನ್ನು ಹಗುರವಾಗಿ ಎತ್ತಿ ಪಕ್ಕದ ಮರದಲ್ಲಿ ಇಟ್ಟರಾಯಿತು ಎಂದರು ಒಬ್ಬರು. ‘ಲಿಂಗನಮಕ್ಕಿಗೆ ಊರೂರನ್ನೇ ಎತ್ತಿ ಬೇರೆ ಕಡೆ ಇಟ್ಟ ಜಿಲ್ಲೆ ಸ್ವಾಮಿ ಇದು, ಹದ್ದು ಯಾವ ಲೆಕ್ಕ?’ ಎಂದರು ಇನ್ನೊಬ್ಬರು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯ ಎಷ್ಟೋ ಕುಟುಂಬಗಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಹದ್ದಿನ ಸರದಿ ಬರುವುದು ಅವರ ನಂತರ ಎಂದುಕೊಂಡು ನಾನು ಕೋಡುಬಳೆ ಕಡಿದೆ.

ಅಮೆರಿಕದಲ್ಲಿ ಬಿಳಿತಲೆಯ ಹದ್ದಿನ ಗೂಡಿಗೆ ಕಾಣುವಂತೆ ಕಟ್ಟಡ ಕಟ್ಟುವುದಾದರೆ 660 ಅಡಿ ದೂರವಿರಬೇಕು ಎಂಬ ಮಾರ್ಗಸೂಚಿಯಿದೆ ಎಂದು ಹುಡುಗನೊಬ್ಬ ಓದಿ ಹೇಳಿದ. ಸಭೆಗೆ ಕೆಮ್ಮು ಬಂತು. ಅಷ್ಟು ದೂರ ಬಿಟ್ಟರೆ ಪಕ್ಕದ ಹೋಂಸ್ಟೇಯ ಈಜುಕೊಳ ಎಲ್ಲಿಗೆ ಹೋಗಬೇಕು? ಚೌಕಾಸಿಯಲ್ಲಿ ಒಂದು ಸೊನ್ನೆ ಉದುರಿ 66 ಅಡಿಗೆ ಒಪ್ಪಂದವಾಯಿತು. ಟೇಪು ಹಿಡಿಯುವಾಗ ಮರದ ಎತ್ತರವನ್ನೂ ಅದರಲ್ಲೇ ಸೇರಿಸಿಕೊಂಡದ್ದರಿಂದ ಯಂತ್ರಕ್ಕೆ ಬುಡದವರೆಗೂ ಬರಲು ಅಡ್ಡಿಯಾಗಲಿಲ್ಲ.

‘ಹಕ್ಕಿ ಹಾರಿದರೇನು, ಮತ್ತೆ ಬರುತ್ತದೆ’ ಎಂದು ಸಮಾಧಾನ ಹೇಳಿದವರೂ ಇದ್ದರು. ಬರುತ್ತದೆ, ನಿಜ. ಅಷ್ಟರಲ್ಲಿ ಮೊಟ್ಟೆ ತಣ್ಣಗಾಗಿರುತ್ತದೆ, ಇಲ್ಲವೇ ಕಾಗೆ ಬಂದು ಯೋಗಕ್ಷೇಮ ವಿಚಾರಿಸಿಕೊಂಡು ಹೋಗಿರುತ್ತದೆ. ಕಾವಿನ ದಿನಗಳಲ್ಲಿ ಮತ್ತೆ ಮತ್ತೆ ಎಬ್ಬಿಸಿದರೆ ಹದ್ದು ಗೂಡನ್ನೇ ತೊರೆದುಬಿಡುವುದುಂಟು. ಇದನ್ನು ಹೇಳಲು ಹೋದೆ; ಅಷ್ಟರಲ್ಲಿ ವಂದನಾರ್ಪಣೆ ಶುರುವಾಗಿತ್ತು.

ಗುದ್ದಲಿ ಪೂಜೆಯ ದಿನ ತೆಂಗಿನಕಾಯಿ ಒಡೆದು ಪಟಾಕಿ ಸರಕ್ಕೆ ಬೆಂಕಿ ಇಟ್ಟರು. ಕಾವಿಗೆ ಕೂತಿದ್ದ ಹದ್ದು ಗಾಬರಿಯಿಂದ ಎದ್ದು, ಕೂಗುತ್ತಾ ನೆತ್ತಿಯ ಮೇಲೆ ಸುತ್ತತೊಡಗಿತು. ತೇರಿನ ಮೇಲೆ ಗರುಡ ಸುತ್ತು ಬಂದರೆ ಧನ್ಯರಾದೆವೆಂದು ಕೈಮುಗಿಯುವ ಊರು ನಮ್ಮದು. ಗುತ್ತಿಗೆದಾರರು ಮೊದಲಾಗಿ ಎಲ್ಲರೂ ಚಪ್ಪಲಿ ಬಿಟ್ಟು ಮೇಲೆ ನೋಡಿ ಕೈಮುಗಿದರು. ‘ಅದು ಗರುಡ ಅಲ್ಲ, ಗರುಡನ ತಲೆ ಬಿಳಿ ಇರುತ್ತದೆ’ ಎಂದ ಹುಡುಗನ ಬಾಯಿಯನ್ನು ಅವನ ಅಮ್ಮನೇ ಮುಚ್ಚಿದಳು. ಭಟ್ಟರು ಶುಭಶಕುನ ಎಂದರು.

ಸಂಜೆಯ ಹೊತ್ತಿಗೆ ನಡಾವಳಿ ಸಿದ್ಧವಾಗಿತ್ತು: ‘ಸದರಿ ಪಕ್ಷಿಯು ಸ್ಥಳದಲ್ಲಿ ಖುದ್ದು ಹಾಜರಿದ್ದು, ಮೂರು ಸುತ್ತು ಪ್ರದಕ್ಷಿಣೆ ಬಂದು, ಕಾಮಗಾರಿಗೆ ಸಮ್ಮತಿ ಸೂಚಿಸಿರುತ್ತದೆ.’